ಕಿತ್ತೂರಿಗೆ ಒಂದು ತಾಸು ಸಾಲದು

ಕಿತ್ತೂರು ಕೋಟೆಯ ವಾಡೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಧ್ರುವ ನಕ್ಷತ್ರ ನೋಡಲೆಂದೇ ಮಾಡಿಸಿದ್ದು ಎಂದು ತೋರಿಸುತ್ತಾರೆ. ವಾಡೆಯ ಮಾಳಿಗೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ತಲೆಯೆತ್ತಿದರೆ ಆಕಾಶವೇ ಆಕಾಶ. ಆದರೂ ಬಂದವರೆಲ್ಲ ಬಗ್ಗಿ ಆ ಕಿಂಡಿಗೇ ಕಣ್ಣು ಹಚ್ಚುತ್ತಾರೆ. ನಾನೂ ಹಚ್ಚಿದೆ.

ಬೆಳಗಾವಿ–ಧಾರವಾಡದ ನಡುವೆ, ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರಿದು. ಬೆಳಗಾವಿಯಿಂದ ಸುಮಾರು 50, ಧಾರವಾಡದಿಂದ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ಸಿಕ್ಕಿತೆಂದು ಇಳಿದು, ಅರಸಿ ಚನ್ನಮ್ಮನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡು, ಕೋಟೆಯಲ್ಲಿ ಒಂದು ಸುತ್ತು ಹಾಕಿ ಹೊರಟುಬಿಡುವವರೇ ಹೆಚ್ಚು. ಬ್ರಿಟಿಷರ ವಿರುದ್ಧ ಆಕೆ ಮಾಡಿದ ಕದನವಷ್ಟೇ ಅವರ ನೆನಪಿನಲ್ಲಿ ಉಳಿಯುತ್ತದೆ. ಕದನಕ್ಕೆ ಮೊದಲು ಇಲ್ಲೊಂದು ಮನೆತನ ಬಾಳಿತ್ತಲ್ಲ, ಅದನ್ನೂ ನೋಡಬೇಕು.

ಸಂಪಗಾಂವಿನಲ್ಲಿದ್ದ ದೇಸಗತಿ, ಅಂದರೆ ದೇಸಾಯರ ಆಳ್ವಿಕೆ, ಕಿತ್ತೂರಿಗೆ ಬಂದದ್ದು 17ನೇ ಶತಮಾನದಲ್ಲಿ. ಕೋಟೆ ಕಟ್ಟಿಸಿದವರು ಅಲ್ಲಪ್ಪಗೌಡ ದೇಸಾಯಿ. ಕಂದಕ ದಾಟಿ ಒಳಗೆ ಬಂದರೆ ಕಲ್ಲು, ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳು, ಸ್ನಾನದ ಕೊಳ, ಬಾವಿ, ಕೋಣೆಯಿಂದ ಕೋಣೆಗೆ ನೀರು ಹರಿಸಿದ ಗುರುತು. ಯಾರೋ ಕೊಡ ತುಂಬಿಸಿದ, ಯಾರೋ ಮಿಂದ, ಮಕ್ಕಳು ಓಡಾಡಿದ ಜಾಗ. ಕಾಕತಿಯ ಹೆಣ್ಣುಮಗಳು ಚನ್ನಮ್ಮ ಮಲ್ಲಸರ್ಜ ದೇಸಾಯಿಯನ್ನು ಮದುವೆಯಾಗಿ ಬಂದು ಸೇರಿದ್ದು ಈ ಮನೆಯನ್ನೇ.

ಮಲ್ಲಸರ್ಜ 1816ರಲ್ಲಿ, ಅವನ ನಂತರ ಪಟ್ಟಕ್ಕೆ ಬಂದ ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡರು. ದತ್ತು ತಂದ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿ ಸರಕಾರ ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಲು ಬಂದವನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ. 1824ರ ಅಕ್ಟೋಬರ್ 23ರಂದು ಬಾಗಿಲು ತೆಗೆಯಿರೆಂದು ಗಡುವು ಕೊಟ್ಟ. ಬಾಗಿಲೇನೋ ತೆರೆಯಿತು, ಒಳಗಿನಿಂದ ಕಿತ್ತೂರಿನ ಸೈನ್ಯ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಕಿತ್ತೂರಿನವರ ಕೈತಪ್ಪಿತು.

ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನು ತಪ್ಪಿಸಬೇಡಿ. ಖಡ್ಗಗಳ ಮುಂದೆ ಜನ ಗುಂಪುಗೂಡುತ್ತಾರೆ, ಸಹಜವೇ. ನನಗೆ ಮಾತ್ರ ವಾಡೆಯ ಕೆತ್ತನೆಯ ಬಾಗಿಲ ಚೌಕಟ್ಟುಗಳ ಮುಂದೆ ಕಾಲು ಕೀಳಲಾಗಲಿಲ್ಲ. ಗೋಡೆಯಿಲ್ಲದೆ ಒಂಟಿಯಾಗಿ ನಿಂತ ಹೊಸ್ತಿಲು ನೋಡಿದರೆ ಕರುಳು ಚುರ್ ಎನ್ನುತ್ತದೆ.

ಅಲ್ಲಿಂದ ದೇಗಾಂವಿಗೆ ಹೋಗಿ. ಹತ್ತಿರದಲ್ಲೇ ಇದೆ, ಆದರೂ ಹೋಗುವವರು ಕಡಿಮೆ. ಕಿತ್ತೂರಿನ ದೇಸಾಯರಿಗಿಂತ ಐದುನೂರು ವರ್ಷ ಮೊದಲೇ, 12ನೇ ಶತಮಾನದಲ್ಲಿ, ಗೋವೆಯ ಕದಂಬರ ಅರಸಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿ. ಶಿಲ್ಪಿಯ ಹೆಸರು ತಿಪ್ಪೋಜ. ಭತ್ತದ ಸೀಮೆಯ ಈ ಹಸಿರಿನ ನಡುವೆ ಅವನು ಕಲ್ಲಿನಲ್ಲಿ ಬಿಡಿಸಿದ ಕಮಲಗಳನ್ನು ನೋಡಲು ನಿಧಾನವಾಗಿ ಛತ್ತಿನತ್ತ ಕತ್ತೆತ್ತಬೇಕು.

ಈಶಾನ್ಯಕ್ಕೆ ಹೋದಂತೆ ಭತ್ತ ಹಿಂದೆ ಸರಿದು ಎರೆಹೊಲಗಳು ಬರುತ್ತವೆ, ಬೈಲಹೊಂಗಲ ಬರುತ್ತದೆ. ಕೋಟೆ ಬಿದ್ದ ಮೇಲೆ ಚನ್ನಮ್ಮನನ್ನು ಸೆರೆಯಿಟ್ಟದ್ದು ಇಲ್ಲಿ. 1829ರ ಫೆಬ್ರುವರಿಯಲ್ಲಿ ಆಕೆ ಕಣ್ಣುಮುಚ್ಚಿದ್ದೂ ಇಲ್ಲೇ. ಊರ ನಡುವಿನ ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮಲಪ್ರಭೆಯ ದಂಡೆಯ ಸಂಗೊಳ್ಳಿಯೂ ದೂರವಲ್ಲ. ಆ ಊರಿನ ಶೇತಸನದಿ, ಅಂದರೆ ಇನಾಮು ಹೊಲಕ್ಕೆ ಊರ ಚಾಕರಿ ಮಾಡುತ್ತಿದ್ದ, ರಾಯಣ್ಣ ಅರಸಿ ಸೆರೆಯಾದ ಮೇಲೂ ಹೋರಾಟ ಬಿಡಲಿಲ್ಲ. ಹೊಲದವರು, ಕೂಲಿಯವರು ಅವನ ಜೊತೆ ನಿಂತರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈ ಕಥೆಗಳನ್ನು ಕಾಪಾಡಿದವರು ಗೀಗೀ ಮೇಳದವರು, ಲಾವಣಿಕಾರರು. ಪುಸ್ತಕ ತಲುಪದ ಮನೆಗಳಿಗೆ ದಪ್ಪು, ತುಂತುಣಿಯ ಜೊತೆ ಚನ್ನಮ್ಮ, ರಾಯಣ್ಣ ತಲುಪಿದರು. ಅಕ್ಟೋಬರ್ 23ರ ಸುತ್ತಿನ ಕಿತ್ತೂರು ಉತ್ಸವಕ್ಕೆ ಹೋದರೆ, ದೊಡ್ಡ ವೇದಿಕೆಯ ದೀಪಗಳಿಗಿಂತ ಈ ಮೇಳಗಳ ಬಳಿ ಹೆಚ್ಚು ಹೊತ್ತು ಕಳೆಯಿರಿ. ಜನಜಂಗುಳಿ ಬೇಡವೆನ್ನುವವರಿಗೆ ನವೆಂಬರಿನ ಬೆಳಗು ಒಳ್ಳೆಯದು. ಮಳೆ ತೊಳೆದ ಗೋಡೆಗಳ ಮೇಲೆ ಇನ್ನೂ ಹಸಿರು ಇರುತ್ತದೆ.

ಎರಡನೆಯ ದಿನ ಸಿಕ್ಕರೆ ನಂದಗಡಕ್ಕೂ ಹೋಗಿ. ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಜನ ತೊಟ್ಟಿಲು ಕಟ್ಟುತ್ತಾರೆ, ಅಂಥ ಮಗ ಹುಟ್ಟಲಿ ಎಂದು.