ಕಾವೇರಿ ಗುಣವಾಗಿದ್ದಳು

'ಶರಪಂಜರ' ಅಂದ ಕೂಡಲೇ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಬುದ್ಧಿ ಕದಡಿದ ಕಲ್ಪನಾ ಅವರ ಆ ನೋಟ, ಆ ನಗು. ಪುಟ್ಟಣ್ಣ ಕಣಗಾಲ್ ಎಪ್ಪತ್ತರ ದಶಕದ ಆರಂಭದಲ್ಲಿ ತೆರೆಗೆ ತಂದ ಆ ಕಥೆಯ ಜೀವ ಇರುವುದು ಬೇರೆ ಕಡೆ. ಬಾಣಂತಿತನದಲ್ಲಿ ಕಾಯಿಲೆ ಬಿದ್ದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳ ಸಂಕಟ ಶುರುವಾಗುವುದೇ ಆಮೇಲೆ. ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡ ದೂರವಾಗುತ್ತಾನೆ, ನೆರೆಹೊರೆಯವರಿಗೆ ಅವಳು ಹುಚ್ಚಿಯಾಗಿಯೇ ಉಳಿಯುತ್ತಾಳೆ. ಡಾಕ್ಟರು ವಾಸಿ ಮಾಡಿದ್ದನ್ನು ಮನೆಯವರು ಕೆಡಿಸುತ್ತಾರೆ. ಸಿನಿಮಾದ ಮೂಲ ಕಾದಂಬರಿ ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲೇ ತೀರಿಕೊಂಡ ಅವರು ಅಷ್ಟು ಹಿಂದೆಯೇ ಇದನ್ನು ಕಂಡಿದ್ದರು.

ಆಮೇಲಿನ ಜನಪ್ರಿಯ ಸಿನಿಮಾ ಈ ದಾರಿಯಲ್ಲಿ ಮುಂದೆ ಹೋಗಲಿಲ್ಲ. 2004ರ 'ಆಪ್ತಮಿತ್ರ'ದಲ್ಲಿ ಸೌಂದರ್ಯ ಅವರ ಅಭಿನಯ ಮರೆಯುವಂಥದ್ದಲ್ಲ. ಆದರೆ ಅಲ್ಲಿ ಕಾಯಿಲೆ ನಾಗವಲ್ಲಿ ಎಂಬ ನರ್ತಕಿಯ ಆತ್ಮವಾಗಿ ಗೆಜ್ಜೆ ಕಟ್ಟಿ ಬರುತ್ತದೆ, ಒಂದು ರಾತ್ರಿಯ ಉಪಾಯದಿಂದ ಹೊರಟುಹೋಗುತ್ತದೆ. ವರ್ಷಗಟ್ಟಲೆ ಮಾತ್ರೆ ನುಂಗುತ್ತಾ ಕೆಲಸಕ್ಕೆ ಹೋಗುವವರಿಗೆ ಆ ಕಥೆಯಲ್ಲಿ ಜಾಗವಿಲ್ಲ.

ವಿಡಿಯೊ ಗೇಮ್‌ಗಳ ಪಾಡು ಇನ್ನೂ ಕಷ್ಟ. 2013ರ 'ಔಟ್‌ಲಾಸ್ಟ್'ನಂಥ ಆಟದಲ್ಲಿ ಹುಚ್ಚಾಸ್ಪತ್ರೆ ಅಂದರೆ ಭಯದ ಗೂಡು, ರೋಗಿ ಅಂದರೆ ಅಟ್ಟಿಸಿಕೊಂಡು ಬರುವವನು. ಅದಕ್ಕೇ 2017ರಲ್ಲಿ ಕೇಂಬ್ರಿಜ್‌ನ ನಿಂಜಾ ಥಿಯರಿ ತಂಡ ಹೊರತಂದ 'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್' ನನಗೆ ದೊಡ್ಡದಾಗಿ ಕಾಣುತ್ತದೆ. ಮನೋವೈದ್ಯ ಪಾಲ್ ಫ್ಲೆಚರ್ ಜೊತೆಗೆ, ಇಲ್ಲದ ದನಿಗಳನ್ನು ಸ್ವತಃ ಕೇಳಿದವರನ್ನೂ ಕೂರಿಸಿಕೊಂಡು ಅದನ್ನು ಕಟ್ಟಿದರು.

ಹೆಡ್‌ಫೋನ್ ಹಾಕಿಕೊಂಡೇ ಆಡಬೇಕು. ನಮ್ಮ ಎರಡು ಕಿವಿಗೆ ಕೇಳುವ ಹಾಗೆಯೇ ದನಿಯನ್ನು ಹಿಡಿಯುವ ಮೈಕ್ ಬಳಸಿದ್ದಾರೆ. ಎಡಗಿವಿಯ ಹಿಂದಿನಿಂದ ಒಬ್ಬಳು 'ನಿನ್ನ ಕೈಲಾಗಲ್ಲ' ಎಂಬಂತೆ ಪಿಸುಗುಟ್ಟುತ್ತಾಳೆ, ಬಲಗಡೆ ಇನ್ನೊಬ್ಬಳು ಕಿಸಕ್ಕನೆ ನಗುತ್ತಾಳೆ. ಕತ್ತಿ ಹಿಡಿದ ಶತ್ರು ಹಿಂದಿನಿಂದ ಬಂದಾಗ ಎಚ್ಚರಿಸುವುದೂ ಅದೇ ದನಿಗಳೇ. ಸ್ವಲ್ಪ ಹೊತ್ತಿಗೆ ನಾವೇ ಆ ದನಿಗಳ ಜೊತೆ ಏಗತೊಡಗುತ್ತೇವೆ. ಹೊರಗೆ ನಿಂತು ಕಥಾನಾಯಕಿ ಸೆನುವಾಳನ್ನು ನೋಡಿ ಹೆದರಲು ಆಟ ಬಿಡುವುದೇ ಇಲ್ಲ. ಇನ್ನೊಂದು ವಿಷಯ: ಅವಳನ್ನು ಹೆಚ್ಚು ಮುರಿದವನು ಅಪ್ಪ. ಕಾಯಿಲೆಯನ್ನು ಶಾಪವೆಂದು ನಂಬಿ ಮಗಳನ್ನು ಕತ್ತಲಲ್ಲಿ ಕೂಡಿಹಾಕಿದವನು. ಕಾವೇರಿಯ ಮನೆಗೂ ಸೆನುವಾಳ ಮನೆಗೂ ಅಂಥ ದೂರವೇನಿಲ್ಲ.

ಬಾಣಂತಿಯರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ ಕಾವೇರಿಗೆ ಬಂದಂಥ ತೀವ್ರ ಕಾಯಿಲೆ ಬರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರಿಗೆಂದೇ ಒಂದು ವಾರ್ಡಿದೆ. ಅಲ್ಲಿ ಕೂಸನ್ನು ತಾಯಿಯಿಂದ ಅಗಲಿಸದೆ, ಮನೆಯವರನ್ನೂ ಜೊತೆಗಿಟ್ಟುಕೊಂಡು ಔಷಧ ಕೊಡುತ್ತಾರೆ. ಆ ವಾರ್ಡಿನಿಂದ ಹೊರಬಂದು, ಮಗುವನ್ನು ಅಂಗನವಾಡಿಗೆ ಬಿಟ್ಟು, ತನ್ನ ಕೆಲಸಕ್ಕೆ ಹೋಗುವ ಹೆಂಗಸಿನ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಸಿನಿಮಾ ಮಾಡಲಿ. ಮೊದಲ ದಿನ, ಮೊದಲ ಆಟಕ್ಕೇ ಹೋಗುತ್ತೇನೆ.