ಕುಡಿತ ಬಿಟ್ಟವರಿಗೆ ಸಭೆಯ ಆಸರೆ

ಸಹಕಾರ ಸಂಘದ ಸಾಲದ ಪುಸ್ತಕ ನೋಡುವ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಬೆಲೆ ಕುಸಿದು ಅಥವಾ ಕೊಳೆರೋಗ ಬಂದು ಸೋತ ತೋಟ ಕೆಲವು ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತದೆ. ಯಜಮಾನನ ಕುಡಿತದಿಂದ ಸೋತ ತೋಟ ಹಾಗಲ್ಲ. ಮೊದಲು ಗೊಬ್ಬರ ತಪ್ಪುತ್ತದೆ, ಆಮೇಲೆ ಮರಗಸಿ ತಪ್ಪುತ್ತದೆ, ಕೊನೆಗೆ ಅಡಿಕೆ ಮರದಲ್ಲಿರುವಾಗಲೇ ಫಸಲು ಚೇಣಿಗೆ ಹೋಗುತ್ತದೆ. ಲೈನು ಮನೆಗಳಲ್ಲಿ ಬಟವಾಡೆಯ ಸಂಜೆ ಆಗುವುದನ್ನೂ ನಾವೆಲ್ಲ ಬಲ್ಲೆವು.

ಇವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಕುಡಿತ ಬಿಟ್ಟವರೇ. ಬಿಡುವುದಕ್ಕಿಂತ ಬಿಟ್ಟು ಉಳಿಯುವುದು ಕಷ್ಟ. ಮುಂಗಾರಿಗೆ ಮೊದಲು ಒಮ್ಮೆ ಬೋರ್ಡೋ ಹೊಡೆದು ಸುಮ್ಮನಿರುವ ಬೆಳೆಗಾರರಿಲ್ಲ. 40-45 ದಿನಗಳ ನಂತರ ಮತ್ತೆ ಹೊಡೆಯುತ್ತೇವೆ. ಇಲ್ಲಿಯೂ ಅಷ್ಟೆ. ಆ ಮರುಸಿಂಪಡಣೆಯ ಕೆಲಸವನ್ನು ಮಾಡುವುದು ಕುಡಿತ ಬಿಟ್ಟವರ ಸಭೆ.

ಮೊದಲು ವೈದ್ಯರು

ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ರಾಹೀನತೆ ಬರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಗಳಲ್ಲಿ ಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಅಂಥವರು ವೈದ್ಯರ ಸಲಹೆಯ ಮೇಲೆಯೇ ನಿಲ್ಲಿಸತಕ್ಕದ್ದು. ಕುಡಿತ ಬಿಡಿಸುವ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಲೇಬಾರದು. ಅದರ ಮೇಲೆ ಕುಡಿದರೆ ಜೀವಕ್ಕೇ ಸಂಚಕಾರ.

ಸಭೆ ಹುಟ್ಟಿದ ಬಗೆ

1935ರಲ್ಲಿ ಅಮೆರಿಕದ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಕೆಲಸದ ಮೇಲೆ ಆಕ್ರಾನ್ ಎಂಬ ಊರಿಗೆ ಹೋದಾಗ ವ್ಯವಹಾರ ಕೆಟ್ಟು, ಮತ್ತೆ ಕುಡಿಯುವ ಆಸೆಯಾಯಿತು. ಆಗ ಆತ ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬರನ್ನು ಹುಡುಕಿದ. ಹೀಗೆ ಸಿಕ್ಕಿದವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಇವರಿಬ್ಬರ ಮಾತುಕತೆಯಿಂದ ಹುಟ್ಟಿದ್ದೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’, ಅಂದರೆ ಎ.ಎ. ಇನ್ನೊಬ್ಬರಿಗೆ ನೆರವಾಗುತ್ತ ತಾನೂ ಉಳಿಯುವುದೇ ಇದರ ಮರ್ಮ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ಕುಡಿತದಿಂದ ಪೂರ್ತಿ ದೂರ ಉಳಿಯಲು ಈ ಕ್ರಮವು ಇತರ ಚಿಕಿತ್ಸಾ ಪದ್ಧತಿಗಳಿಗೆ ಸಮನಾಗಿ, ಕೆಲವೆಡೆ ಅವಕ್ಕಿಂತ ಮೇಲಾಗಿ ಫಲ ಕೊಡುವುದೆಂದು ಕಂಡುಬಂದಿತು.

ನಮ್ಮ ಕಡೆಗೆ ಹೆಚ್ಚು ಪರಿಚಿತವಾದುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ಶಿಬಿರಕ್ಕೆ ಹೋಗಿ ಬಂದು ಸಮಿತಿಯ ಸಭೆ ತಪ್ಪಿಸುವುದೆಂದರೆ ಒಂದೇ ಸಿಂಪಡಣೆಗೆ ನಿಲ್ಲಿಸಿದಂತೆ.

ಹುಡುಕುವುದು ಹೇಗೆ

ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕರ್ತರನ್ನು ವಿಚಾರಿಸಬಹುದು. ಎ.ಎ. ಸಭೆಗಳು ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ ನಡೆಯುತ್ತವೆ. ಸಿಗ್ನಲ್ ಸಿಗುವ ಕಡೆ ಕುಳಿತು ಮೊಬೈಲಿನಲ್ಲಿಯೂ ಸಭೆಗೆ ಸೇರಬಹುದು. ಹೊರಡುವ ಮೊದಲು ದಿನ, ವೇಳೆ, ಭಾಷೆ ಇವನ್ನು ಕೇಳಿಕೊಳ್ಳಿರಿ. ಹಿಂದಿರುಗುವ ಕೊನೆಯ ಬಸ್ಸನ್ನೂ ಗೊತ್ತುಮಾಡಿಕೊಳ್ಳಿರಿ. ಊರಿನಲ್ಲಿ ಗುರುತಿನವರು ಕಂಡಾರೆಂಬ ಸಂಕೋಚವಿದ್ದರೆ ಬೇರೆ ತಾಲ್ಲೂಕಿನ ಸಭೆಗೆ ಹೋಗಲು ಅಡ್ಡಿಯಿಲ್ಲ.

ಮೊದಲ ಸಲ ಹೋದಾಗ

ಎ.ಎ. ಸಭೆಗೆ ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಕೊನೆಯಲ್ಲಿ ಬಾಡಿಗೆ, ಕಾಫಿಯ ಖರ್ಚಿಗೆಂದು ಕಾಣಿಕೆ ಸಂಗ್ರಹಿಸುವುದುಂಟು, ಕೊಡಲೇಬೇಕೆಂದಿಲ್ಲ. ‘ಮುಕ್ತ ಸಭೆ’ಗೆ ಮನೆಯವರೂ ಬರಬಹುದು, ‘ಮುಚ್ಚಿದ ಸಭೆ’ ಕುಡಿತದಿಂದ ಬಿಡುಗಡೆ ಬಯಸುವವರಿಗೆ ಮಾತ್ರ. ಹೆಸರಷ್ಟೇ ಹೇಳಿದರೆ ಸಾಕು. ಮಾತನಾಡಲು ಮನಸ್ಸಿಲ್ಲದಿದ್ದರೆ ಕೇಳುತ್ತ ಕುಳಿತಿರಬಹುದು. ಅಲ್ಲಿ ಉಪದೇಶ ಮಾಡುವವರಿಲ್ಲ. ಒಬ್ಬೊಬ್ಬರೂ ತಮ್ಮ ಕಥೆ ಹೇಳುತ್ತಾರೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ನಿಯಮ. ‘ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂಬ ಆಣೆಯನ್ನು ಯಾರೂ ಕೇಳುವುದಿಲ್ಲ. ಇವತ್ತು ಒಂದು ದಿನ ಕುಡಿಯದಿದ್ದರೆ ಸಾಕೆನ್ನುತ್ತಾರೆ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಿರಿ. ನಡುವೆ ಜಾರಿ ಕುಡಿದರೂ ಮರಳಿ ಬರಬಹುದು, ಬಾಗಿಲು ಹಾಕುವವರಿಲ್ಲ. ಅನುಭವಿ ಸದಸ್ಯರೊಬ್ಬರ ಫೋನ್ ನಂಬರು ಪಡೆದಿರುವುದು ಒಳ್ಳೆಯದು. ಮಳೆಗಾಲದ ಸಂಜೆ ಒಬ್ಬರೇ ಇರುವಾಗ ಉಪಯೋಗಕ್ಕೆ ಬರುವುದು ಅದೇ.

ಮನೆಯವರು, ನೆರೆಯವರು

ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ‘ಅಲ್-ಅನಾನ್’ ಎಂಬ ಬೇರೆ ಸಂಘಟನೆ ಆರಂಭವಾಯಿತು. ಯಜಮಾನರು ಕುಡಿತ ಬಿಡಲಿ, ಬಿಡದಿರಲಿ, ಮನೆಯವರು ಆ ಸಭೆಗೆ ಹೋಗಬಹುದು. ನೆರೆಯವರಾದ ನಾವು ಮಾಡಬಹುದಾದುದೂ ಇದೆ. ಮದುವೆ ಮನೆಯಲ್ಲಿ ‘ಇವತ್ತೊಂದು ದಿನ’ ಎಂದು ಗ್ಲಾಸು ಹಿಡಿಸದಿರುವುದು. ಆಳುಗಳಲ್ಲಿ ಯಾರಾದರೂ ಸಭೆಗೆ ಹೊರಟರೆ ಆ ಸಂಜೆ ಬೇಗ ಬಿಡುವುದು.

ಸದಸ್ಯರಲ್ಲಿ ಒಂದು ಮಾತು. ಈ ವಿಷಯದಲ್ಲಿ ವಿಳಾಸ, ಫೋನ್ ನಂಬರು ಬೇಕಾದವರು ಕಚೇರಿಯ ವೇಳೆ ಮುಗಿದ ಮೇಲೆ ಕಾರ್ಯದರ್ಶಿಯನ್ನು ಕಾಣಬಹುದು. ಅದು ಯಾವ ಕಡತಕ್ಕೂ ಸೇರುವುದಿಲ್ಲ, ಆಡಳಿತ ಮಂಡಳಿಯ ಮುಂದೆಯೂ ಬರುವುದಿಲ್ಲ. ನಿಮ್ಮ ಸಾಲದ ಅರ್ಜಿಗೂ ಅದಕ್ಕೂ ಸಂಬಂಧವಿರುವುದಿಲ್ಲ.