ಒಬ್ಬೊಬ್ಬರ ಪಾಲಿಗೆ ಎಷ್ಟು ನೆಲ?

ಬೆಂಗಳೂರಿನ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ, ನಾಡಿನ ಜನರೆಲ್ಲ ಇಲ್ಲಿಯೇ ಬಂದು ಸೇರಿರುವರೋ ಎಂಬ ಭ್ರಮೆ ಉಂಟಾದರೆ ಆಶ್ಚರ್ಯವಿಲ್ಲ. ಕೆಳಗೆ ಲೇತ್ ಯಂತ್ರದ ಸದ್ದು, ಮೇಲಿನ ಮಹಡಿಗಳಲ್ಲಿ ಸಂಸಾರಗಳು. ಇದೇ ರಾಜ್ಯದ ಉತ್ತರ ಕನ್ನಡದ ಘಟ್ಟಗಳಲ್ಲಾದರೋ, ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದು. ಈ ಅಂತರವನ್ನು ಅಳೆಯುವ ಮಾನವೇ ಜನಸಾಂದ್ರತೆ: ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆಗ ನಡೆಯಲಿಲ್ಲವಾದ್ದರಿಂದ 2011ರ ಅಂಕಿಗಳನ್ನೇ ನೋಡೋಣ. ಭಾರತದಲ್ಲಿ ಚದರ ಕಿಲೋಮೀಟರಿಗೆ 382 ಜನ. ಗಂಗೆಯ ಮೆಕ್ಕಲು ಬಯಲಾದ ಬಿಹಾರದಲ್ಲಿ 1,106. ಪರ್ವತಮಯವಾದ ಅರುಣಾಚಲದಲ್ಲಿ ಕೇವಲ 17. ಮಳೆ ಹೆಚ್ಚಿದ್ದಲ್ಲಿ ಜನ ಹೆಚ್ಚು ಎಂದು ವಾಚಕರು ಊಹಿಸಬಹುದು. ಆದರೆ ಧಾರಾಳವಾಗಿ ಮಳೆ ಸುರಿಯುವ ಕೊಡಗಿನಲ್ಲಿ 135, ಉತ್ತರ ಕನ್ನಡದಲ್ಲಿ 140 ಮಾತ್ರ. ನೀರೊಂದಿದ್ದರೆ ಸಾಲದು, ಉಳಲು ಸಮತಲವಾದ ನೆಲವೂ ಬೇಕು. ಇಲ್ಲಿ ನೆಲದ ಬಹುಭಾಗ ಕಾಡು, ಕಡಿದಾದ ಗುಡ್ಡ.

ಕರ್ನಾಟಕದ ಸರಾಸರಿ 319. ಈ ಸಂಖ್ಯೆಯನ್ನು ನಾವು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ರಾಜ್ಯದ ನೆಲದಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚಿರುವ ಬೆಂಗಳೂರು ನಗರ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ಹದಿನಾರು ಮಂದಿ ನೆಲೆಸಿದ್ದರು. ಆ ಒಂದು ಜಿಲ್ಲೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 271ಕ್ಕೆ ಇಳಿಯುತ್ತದೆ!

ಭಾಗಾಕಾರವನ್ನು ತಿರುಗಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುವುದು. ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ 4,381. ಎಂದರೆ ತಲೆಗೆ 228 ಚದರ ಮೀಟರು, ನಮ್ಮವರು ಬಲ್ಲ ಮೂವತ್ತು-ನಲವತ್ತರ ಎರಡು ನಿವೇಶನಗಳಷ್ಟು. ಕೊಡಗಿನಲ್ಲಿ ಇದು ಸುಮಾರು 7,400 ಚದರ ಮೀಟರು. ಕಾಮಾಕ್ಷಿಪಾಳ್ಯದವರು ಈ ಎರಡು ನಿವೇಶನಗಳ ಮಾತಿಗೆ ನಕ್ಕಾರು. ಜಿಲ್ಲೆಯ ಲೆಕ್ಕದಲ್ಲಿ ಆನೇಕಲ್ಲಿನ ಹೊಲಗಳೂ, ಕೆರೆಗಳೂ, ರಸ್ತೆಗಳೂ ಸೇರಿವೆ. ಇಲ್ಲಿಯೋ, ಒಂದೇ ನಿವೇಶನದ ಮೇಲೆ ಮೂರು ನಾಲ್ಕು ಸಂಸಾರಗಳು. ಅಲ್ಲದೆ ಗಣತಿದಾರರು ಎಣಿಸುವುದು ವಾಸಿಸುವವರನ್ನು. ಹಗಲು ದುಡಿಯಲು ಬಂದು ಸಂಜೆ ಬೇರೆ ಬಡಾವಣೆಗೆ ಮರಳುವ ಕಾರ್ಮಿಕ ಇಲ್ಲಿಯ ಲೆಕ್ಕಕ್ಕೆ ಬಾರನು. ಅವನು ಕುಡಿಯುವ ನೀರು, ಬಳಸುವ ಚರಂಡಿ ಮಾತ್ರ ಇಲ್ಲಿಯವೇ.

ವಿರಳತೆಗೂ ಅದರದೇ ಕಷ್ಟವುಂಟು. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಸರ್ಕಾರದ ಮಾನದಂಡ. ಈ ರಿಯಾಯಿತಿ ಸಿಕ್ಕರೂ, ಉತ್ತರ ಕನ್ನಡದ ಸಾಂದ್ರತೆಯಲ್ಲಿ 20,000 ಜನ ಹರಡಿರುವುದು ಸುಮಾರು 143 ಚದರ ಕಿಲೋಮೀಟರುಗಳಲ್ಲಿ. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ ಹರಿಯುವಾಗ, ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳೊಬ್ಬಳನ್ನು ಕರೆದೊಯ್ಯಬೇಕಾದುದು ಅಷ್ಟು ನೆಲದ ಯಾವುದೋ ಒಂದು ಮೂಲೆಯಿಂದ.